ಹುಲ್ಲಿನ ಮಾಡಿನ ಅರ್ಜಿ

ನಮ್ಮ ಮನೆಯ ಚಾವಡಿಯಲ್ಲಿ ಗೋಡೆ ಗಡಿಯಾರ ಇತ್ತು. ಆದರೆ ಬೆಳಗಿನ ಕೆಲಸಕ್ಕೆ ನಾನು ಅದನ್ನು ನೋಡುತ್ತಿದ್ದವಳಲ್ಲ. ಅಂಗಳ ಗುಡಿಸುವ ಹಿಡಿಸೂಡಿಯ ಸದ್ದು ಶುರುವಾದರೆ ಒಲೆಯ ಮೇಲೆ ಹಾಲಿಡುವುದು, ಆ ಸದ್ದು ತುಳಸಿಕಟ್ಟೆ ದಾಟಿ ಬಾವಿಯ ಕಡೆ ಹೋದಾಗ ಇವರ ಕ್ಷೌರಕ್ಕೆ ಬಿಸಿನೀರು ಕೊಡುವುದು, ಸದ್ದು ನಿಂತು ಬಚ್ಚಲ ಒಲೆಯ ಹೊಗೆ ಬಂದಾಗ ಕಾಫಿ ಸೋಸುವುದು. ಏಳು ವರ್ಷ ಹೀಗೇ ನಡೆದಿತ್ತು. ಆ ದಿನ ಹಾಲು ಉಕ್ಕಿ ಒಲೆಗೆ ಸುರಿದ ಮೇಲೆಯೇ ನನಗೆ ತಿಳಿದದ್ದು, ಅಂಗಳದಲ್ಲಿ ಸದ್ದೇ ಇಲ್ಲ ಎಂದು.

ಹೊರಗೆ ಬಂದು ನೋಡಿದೆ. ರಾತ್ರಿ ಉದುರಿದ ಮಾವಿನ ಎಲೆಗಳು ಹಾಗೇ ಇದ್ದವು. ಹಿಡಿಸೂಡಿ ಬಚ್ಚಲ ಮೂಲೆಯಲ್ಲಿ ತಲೆ ಮೇಲಾಗಿ ನಿಂತಿತ್ತು. ಕಡ್ಡಿಯ ತುದಿ ಸವೆಯಬಾರದೆಂದು ಅಕ್ಕ ಅದನ್ನು ಹಾಗೆಯೇ ನಿಲ್ಲಿಸುತ್ತಿದ್ದಳು. ಅಕ್ಕ ಎಂದರೆ ನಮ್ಮ ಮನೆಗೆ ಅಂಗಳ ಗುಡಿಸಲು, ಪಾತ್ರೆ ತೊಳೆಯಲು ಬರುತ್ತಿದ್ದವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ, ಅಕ್ಕ ಎಂದೇ ಕರೆದೆ. ಅವಳು ನನ್ನನ್ನು ಅಮ್ಮ ಎನ್ನುತ್ತಿದ್ದಳು.

"ಅಕ್ಕ ಬರ್ಲಿಲ್ಲೆ ಇವತ್ತ್," ಎಂದೆ.

ಇವರು ಕಿಟಕಿಗೆ ಸಿಕ್ಕಿಸಿದ ಕನ್ನಡಿಯಲ್ಲಿ ಗಲ್ಲ ಎತ್ತಿ ನೋಡಿಕೊಳ್ಳುತ್ತಿದ್ದರು. ಕತ್ತಿಯನ್ನು ಕೆಳಗಿಳಿಸದೆಯೇ ಹೇಳಿದರು, "ಕಡವಿನ ಕೇರಿಯಗೆ ಇವತ್ತ್ ಪಂಚಾಯ್ತಿಯವ್ರ್ ಹುಲ್ಲಿನ್ ಮಾಡ್ ತೆಗಿತ್ರ್. ಅದ್ನ್ ಕಾಂಬುಕ್ ನಿಂತಿರ್ಕ್. ಬತ್ಲ್ ಬಿಡ್."

ಹಾಲು ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಅಕ್ಕ ನೋಡಲು ನಿಂತಿರಲಿಲ್ಲ, ಅವಳ ಮನೆಯೇ ಆ ಕೇರಿಯಲ್ಲಿ. ಅಷ್ಟು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿದ್ದದ್ದು. ಹೊಳೆಯ ಕಡೆ, ದೋಣಿ ಕಟ್ಟುವ ಕಡವಿನ ಹತ್ತಿರ ಎಲ್ಲೋ ಒಂದು ಹುಲ್ಲಿನ ಮನೆ ಎಂದು. ಏಳು ವರ್ಷದಲ್ಲಿ ಒಂದು ದಿನವೂ ನಾನು ಆ ಕಡೆ ಇಳಿದಿರಲಿಲ್ಲ. ಅಲ್ಲಿನ ಮನೆಗಳ ಹುಲ್ಲಿನ ಚಾವಣಿಯನ್ನು, ನಮ್ಮ ಮಾತಿನಲ್ಲಿ ಮಾಡನ್ನು, ತೆಗೆಸಬೇಕೆಂದು ಸರಕಾರಕ್ಕೆ ಅರ್ಜಿ ಬರೆದವಳು ಮಾತ್ರ ನಾನೇ.

ಅದು ಹೇಗಾಯಿತೆಂದು ಹೇಳಬೇಕಾದರೆ ಸಂಘದ ಮಾತು ಹೇಳಬೇಕು.

ನಮ್ಮದು ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನಡುವೆ, ಹೊಳೆದಂಡೆಯ ಒಂದು ಸಣ್ಣ ಪೇಟೆ. ಹೆಸರು ಬೇಡ. ಇವರು ಅಲ್ಲಿನ ಹಂಚಿನ ಕಾರ್ಖಾನೆಯೊಂದರ ಮ್ಯಾನೇಜರರು, ಜೊತೆಗೆ ಬೈಂದೂರಿನ ಕಡೆಯಿಂದ ಬ್ರಹ್ಮಾವರದ ಕಡೆಯವರೆಗಿನ ಹಂಚಿನ ಕಾರ್ಖಾನೆಯವರು ಸೇರಿ ಮಾಡಿಕೊಂಡಿದ್ದ ಸಂಘದ ಕಾರ್ಯದರ್ಶಿ. ಸಂಘ ಹುಟ್ಟಿದ್ದು ನನ್ನ ಮದುವೆಗೆ ಮುಂಚೆ. ಆಗ ಮಂಜಿ ಎಂಬ ಹಾಯಿಹಡಗುಗಳಲ್ಲಿ ಹಂಚು ತುಂಬಿಸಿ ಮುಂಬಯಿಗೆ ಕಳಿಸಿದರೆ, ಅಲ್ಲಿನ ವ್ಯಾಪಾರಿಗಳು ಒಬ್ಬರ ಹಂಚನ್ನು ತೋರಿಸಿ ಇನ್ನೊಬ್ಬರದನ್ನು ಹೀಗಳೆಯುತ್ತಿದ್ದರಂತೆ. ಮೊದಲ ಸಭೆಗೆ ಪ್ರತಿಯೊಬ್ಬ ಮಾಲೀಕರೂ ತಮ್ಮ ಒಂದು ಹಂಚನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಬೆಂಚಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಬ್ಬರ ಹಂಚಿನ ಅಂಚು ಇನ್ನೊಬ್ಬರ ಹಂಚಿಗೆ ಕಚ್ಚಲಿಲ್ಲ. ಒಂದೇ ಅಳತೆಯ ಅಚ್ಚು ಮಾಡಿಕೊಳ್ಳುವ ಎಂದು ಅವತ್ತು ಒಪ್ಪಿದರು. ಇದನ್ನು ಹೇಳುವಾಗೆಲ್ಲ ಇವರು ಎರಡೂ ಕೈಯ ಬೆರಳುಗಳನ್ನು ಕೊಂಡಿ ಹಾಕಿ ತೋರಿಸುತ್ತಿದ್ದರು, ಹೀಗೆ ಕಚ್ಚಬೇಕು ಎಂದು.

ಅಚ್ಚಿಗೆಂದು ಕೂಡಿದವರು ಆಮೇಲೆ ಬೇರೆ ಕೆಲಸವನ್ನೂ ಕಲಿತರು. ಆವೆಮಣ್ಣು ತೆಗೆಯುವ ಗದ್ದೆಗೆ, ಹಂಚು ಸುಡುವ ಗೂಡಿನ ಸೌದೆಗೆ, ಲಾರಿ ಹೋಗುವ ರಸ್ತೆಗೆ ಅರ್ಜಿ ಬರೆಯುವ ಕೆಲಸ. ಮದ್ರಾಸಿನಲ್ಲಿ ಯಾವ ಬಾಗಿಲು ತಟ್ಟಬೇಕೆಂದು ಅವರಿಗೆ ಗೊತ್ತಿತ್ತು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಬಾಗಿಲುಗಳೆಲ್ಲ ಹೋದವು. ಬೆಂಗಳೂರಿನಲ್ಲಿ ಗುರುತು ಹಿಡಿಯುವವರು ಒಬ್ಬರೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ಗುರುತು ಮಾಡಿಕೊಳ್ಳುವುದರ ಬದಲು, ಇಲ್ಲಿಂದ ಬೆಂಗಳೂರಿಗೆ ಹೋಗುವವರನ್ನೇ ಹಿಡಿದರೆ ಸಾಕು ಎಂದು ಸಂಘಕ್ಕೆ ತೋಚಿತು. ಚುನಾವಣೆಗೆ ನಿಲ್ಲುವವರಿಗೆ ಜೀಪು ಸಂಘದ್ದು, ಕರಪತ್ರ ಸಂಘದ್ದು, ವೋಟಿನ ದಿನ ಕಾರ್ಖಾನೆಗೆ ಅರ್ಧ ದಿನ ರಜೆ, ಕೆಲಸದವರನ್ನು ಕರೆದೊಯ್ಯಲು ಲಾರಿ. ನಾನು ಮದುವೆಯಾಗಿ ಬರುವ ಹೊತ್ತಿಗೆ ನಿಲ್ಲುವವರು ದೇವಸ್ಥಾನದಿಂದ ನೇರ ನಮ್ಮ ಚಾವಡಿಗೆ ಬರುತ್ತಿದ್ದರು. ಹಣೆಯ ಗಂಧ ಇನ್ನೂ ಹಸಿಯಾಗಿರುತ್ತಿತ್ತು.

ನನ್ನ ಕೆಲಸ ಗೋಳಿಬಜೆ, ಕಾಫಿ, ಮತ್ತೆ ಇಂಗ್ಲಿಷು. ಸರಕಾರದ ಕಾಗದವೆಲ್ಲ ಇಂಗ್ಲಿಷಿನಲ್ಲಿ ಹೋಗಬೇಕಿದ್ದ ಕಾಲ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು, ಅಕ್ಷರ ದುಂಡಗಿತ್ತು. ಇವರು ಬರೆದು ತಂದದ್ದನ್ನು ತಿದ್ದಿ ಚೆಂದ ಮಾಡಿ ಬರೆದುಕೊಟ್ಟರೆ ಕುಂದಾಪುರದಲ್ಲಿ ಟೈಪು ಮಾಡಿಸುತ್ತಿದ್ದರು. ನನ್ನ ಹೆಸರು ಎಲ್ಲೂ ಇರುತ್ತಿರಲಿಲ್ಲ, ಇರಬೇಕೆಂದು ನನಗೆ ಅನಿಸಿಯೂ ಇರಲಿಲ್ಲ. ಆದರೆ ಕಾಗದ ಚೆನ್ನಾಗಿದೆ ಎಂದು ಯಾರಾದರೂ ಅಂದರೆ ಒಳಗಿನ ಕೋಣೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅದನ್ನೂ ಹೇಳಬೇಕು.

ಹಾಲು ಉಕ್ಕಿದ ಆ ದಿನಕ್ಕೆ ಮುಂಚಿನ ದೀಪಾವಳಿ ಕಳೆದ ಮೇಲೆ ಸಂಘದ ಅಧ್ಯಕ್ಷರು ಬಂದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಕೊಡೆಯನ್ನು ಯಾವಾಗಲೂ ಕಿಟಕಿಯ ಸರಳಿಗೆ ನೇತುಹಾಕುತ್ತಿದ್ದರು. ಜೇಬಿನಲ್ಲಿ ಒಂದು ತುದಿ ಕೆಂಪು, ಒಂದು ತುದಿ ನೀಲಿ ಇರುವ ಪೆನ್ಸಿಲು. ಆ ದಿನ ಅವರೇ ನನ್ನನ್ನು ಚಾವಡಿಗೆ ಕರೆದರು.

"ತಂಗಿ, ಬ್ಯಾಸ್ಗಿಯಗೆ ಹುಲ್ಲಿನ್ ಮನಿಗ್ ಬೆಂಕಿ ಬಿದ್ದ್ ಎಷ್ಟ್ ಜನ ಹಾಳಾಪುದ್ ಕಂಡಿದ್ದಿ ಅಲ್ದಾ? ಪೇಟಿ ರಸ್ತಿ ಬದಿ ಹುಲ್ಲಿನ್ ಮಾಡ್ ಬೇಡ, ಎಲ್ರೂ ಹಂಚ್ ಹಾಕ್ಕ್ ಅಂದೇಳಿ ಸರ್ಕಾರ ಆರ್ಡರ್ ಮಾಡ್ಕ್. ಇದ್ ಜನ್ರಿಗ್ ಒಳ್ಳೇದಾಪ್ ಕೆಲ್ಸ. ಓದ್ದವ್ರ್ ಎದಿ ಕರಗ್ಕ್, ಹಾಂಗ್ ಬರಿ ಕಾಂಬ."

ಹಂಚು ಮಾರುವವರು ಹುಲ್ಲು ಬೇಡ ಎನ್ನುವುದರಲ್ಲಿ ಅವರ ಲಾಭ ಇದೆ ಎಂದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಬೆಂಕಿ ನಿಜವಲ್ಲವೇ ಎಂದುಕೊಂಡೆ. ಕಾನ್ವೆಂಟಿನಲ್ಲಿ ಪ್ರಬಂಧ ಕಲಿಸುತ್ತಿದ್ದ ಸಿಸ್ಟರ್ ಒಂದು ಮಾತು ಹೇಳುತ್ತಿದ್ದರು, ಅನೇಕರು ಕಷ್ಟಪಟ್ಟರು ಎಂದು ಬರೆಯಬೇಡಿ, ಒಬ್ಬರನ್ನು ತೋರಿಸಿ ಎಂದು. ತೋರಿಸಲು ನನಗೆ ಒಬ್ಬಳು ಗೊತ್ತಿದ್ದಳು.

ಅದರ ಹಿಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಒಲೆಯಿಂದ ಕಿಡಿಯೊಂದು ಸಿಡಿಯಿತು. ಅವಳು ಅದನ್ನು ಬರಿಗೈಯಿಂದ ಒತ್ತಿ ಆರಿಸಿದಳು. ಕೈ ಸುಡಲಿಲ್ಲವೇ ಎಂದು ಕೇಳಿದೆ. ಆಗ ಹೇಳಿದ್ದು. ಕಿರಿಮಂಜೇಶ್ವರದ ಹತ್ತಿರ ಅವಳ ಗಂಡನ ಮನೆ. ನೆರೆಮನೆಯವರು ಭತ್ತ ಬೇಯಿಸುತ್ತಿದ್ದಾಗ ಗಾಳಿಗೆ ಕಿಡಿ ಹಾರಿ ಅಕ್ಕನ ಮನೆಯ ಮಾಡಿಗೆ ಬಿತ್ತು. ದೊಡ್ಡ ಹುಡುಗಿಯನ್ನು ಕರೆದುಕೊಂಡು ಇವಳು ಬಾವಿಗೆ ಹೋಗಿದ್ದಳು. ವರ್ಷ ತುಂಬದ ಸಣ್ಣವಳು ತೊಟ್ಟಿಲಲ್ಲಿದ್ದಳು.

"ತೊಟ್ಲ್ ಹಗ್ಗ ಮೊದ್ಲ್ ಸುಟ್ಟದ್ದಮ್ಮ. ಬಿದ್ದ್ ಸದ್ದ್ ನಾನ್ ಕೇಂಡೆ. ಆಮೇಲ್ ಎಂತದೂ ಕೇಂಬ್ಲಿಲ್ಲೆ," ಎಂದಳು. ಮತ್ತೆ ಬೀಜದ ಬಟ್ಟಲು ಎತ್ತಿ, "ಇದ್ನ್ ನೀರಿಗ್ ಹಾಕ್ಕಾ?" ಎಂದು ಕೇಳಿದಳು.

ಮತ್ತೂ ಹುಲ್ಲಿನ ಮನೆಯಲ್ಲೇ ಇದ್ದೀಯಲ್ಲ ಅಕ್ಕ, ಹೆದರಿಕೆ ಆಗುವುದಿಲ್ಲವೇ ಎಂದು ನಾನು ಪೆದ್ದಿಯ ಹಾಗೆ ಕೇಳಿದ್ದೆ. "ಬೇರೆ ಎಂತ ಹೊದ್ಸುದಮ್ಮ?" ಎಂದಿದ್ದಳು.

ಅರ್ಜಿಯ ಎರಡನೇ ಪುಟದಲ್ಲಿ ನಾನು ಬರೆದೆ: ತೊಟ್ಟಿಲು ಬಿದ್ದ ಸದ್ದು ಕೇಳಿದ ತಾಯಿಯೊಬ್ಬಳು ಈ ತೀರದಲ್ಲಿ ಇನ್ನೂ ಬದುಕಿದ್ದಾಳೆ, ಆಮೇಲೆ ಅವಳಿಗೆ ಬೇರೇನೂ ಕೇಳಿಸಲಿಲ್ಲ ಎಂದು. ಇಂಗ್ಲಿಷಿನಲ್ಲಿ ಆ ವಾಕ್ಯ ತುಂಬಾ ಚೆನ್ನಾಗಿ ಬಂದಿತ್ತು. ಎರಡು ಸಲ ಓದಿಕೊಂಡೆ. ಅಕ್ಕನನ್ನು ಕೇಳಬೇಕೆಂದು ತೋಚಲೇ ಇಲ್ಲ. ಹೆಸರು ಹಾಕಿಲ್ಲವಲ್ಲ ಎಂದುಕೊಂಡೆ. ಮೂರನೇ ಪುಟದಲ್ಲಿ, ಹುಲ್ಲು ತೆಗೆಸುವ ಮೊದಲು ಬಡವರಿಗೆ ಪಕ್ಕಾಸು ರೀಪಿಗೆ ಬೇಕಾದ ಮರವನ್ನು ಸರಕಾರದ ಡಿಪೋಗಳಿಂದ ಕೊಡಿಸಬೇಕು ಎಂದೂ ಬರೆದಿದ್ದೆ. ಹಂಚಿನ ಮಾತು ಮನೆಯಲ್ಲಿ ಅಷ್ಟು ಕೇಳಿದವಳಿಗೆ, ಹಂಚನ್ನು ಹೊರುವುದು ಮರ ಎಂದು ಗೊತ್ತಿತ್ತು.

ಇಷ್ಟು ಆದದ್ದು. ಅಧ್ಯಕ್ಷರು ಅರ್ಜಿ ಹಿಡಿದುಕೊಂಡು, ಸಂಘದ ಜೀಪಿನಲ್ಲಿ ಓಡಾಡಿ ಗೆದ್ದಿದ್ದವರ ಜೊತೆ ಬೆಂಗಳೂರಿಗೆ ಹೋಗಿ ಬಂದರು. ಮುಂದಿನದು ಎಲ್ಲಿಗೆ ಹೋಯಿತು, ಯಾರು ಸಹಿ ಹಾಕಿದರು ಎಂದು ನಾನು ಕೇಳಲಿಲ್ಲ.

ಹಾಲು ಉಕ್ಕಿದ ಆ ಬೆಳಿಗ್ಗೆ, ಇವರು ಕಾರ್ಖಾನೆಗೆ ಹೋದ ಮೇಲೆ ನಾನು ಕೊಡೆ ತೆಗೆದುಕೊಂಡು ಹೊರಟೆ. ಮೇ ತಿಂಗಳ ಕೊನೆ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಪೇಟೆಯ ರಸ್ತೆ ಮುಗಿದು ಕಡವಿಗೆ ಇಳಿಯುವ ದಾರಿ ಶುರುವಾಗುವಲ್ಲಿ ಹಳೆಯ ಹುಲ್ಲಿನ ಧೂಳು ಮೂಗಿಗೆ ಬಂತು. ಮೂರು ಸಲ ಸೀನಿದೆ.

ಒಂಬತ್ತು ಮನೆಗಳಿದ್ದವು. ಒಂದಕ್ಕೂ ಮಾಡು ಇರಲಿಲ್ಲ. ಪಂಚಾಯತಿಯವರು ಕೆಲಸ ಮುಗಿಸಿ ಹುಲ್ಲು ಎಳೆದ ಉದ್ದ ದೋಟಿಗಳನ್ನು ಮರಕ್ಕೆ ಒರಗಿಸಿ ಬೀಡಿ ಸೇದುತ್ತಿದ್ದರು. ಮೇಲೆ ಏನೂ ಇಲ್ಲದ ಮನೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಲೆಯ ಮೇಲೆ ಬಿಸಿಲು ಬಿದ್ದಿತ್ತು. ಎಷ್ಟೋ ವರ್ಷದ ಮಸಿ ಹಿಡಿದ ಗೋಡೆ ಬೆಳಕಿಗೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಗೋಡೆಯ ಗೂಡಿನಲ್ಲಿ ಇಟ್ಟ ಬಾಚಣಿಗೆ, ಕುಂಕುಮದ ಡಬ್ಬಿ, ಮಡಚಿಟ್ಟ ಒಂದು ರವಿಕೆ, ಎಲ್ಲವೂ ದಾರಿಗೆ ಕಾಣುತ್ತಿದ್ದವು. ನಾಚಿಕೆಯಾಗಿ ನಾನು ಕಣ್ಣು ತಗ್ಗಿಸಿದೆ. ಒಬ್ಬರ ಮನೆಯೊಳಗೆ ಕರೆಯದೆ ನೋಡಿದ ಹಾಗಾಯಿತು.

ಪ್ರತಿ ಮನೆಯ ಮುಂದೆ ಹೊಸ ಹಂಚುಗಳ ರಾಶಿ ಇತ್ತು. ಸಂಘದವರು ದಾನ ಕೊಟ್ಟ, ಅಂಚು ಸ್ವಲ್ಪ ಓರೆಯಾದ, ಗೂಡಿನಲ್ಲಿ ಬಣ್ಣ ಏರದ ಸೆಕೆಂಡ್ ಹಂಚುಗಳು. ಮುಂದಿನ ಚುನಾವಣೆ ದೂರ ಇರಲಿಲ್ಲ. ರಾಶಿಯ ಮೇಲೆ ಕೂತಿದ್ದ ಮುದುಕರೊಬ್ಬರು ನನ್ನನ್ನು ಗುರುತಿಸಿದರು. ಮೊದಲು ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು.

"ಹ್ವಾಯ್, ಮ್ಯಾನೇಜರ್ ಮನಿ ಅಮ್ಮ ಅಲ್ದಾ? ಬನ್ನಿ, ಕೂಕಣಿ. ನಮ್ಗೆಲ್ಲ ಹಂಚ್ ಬಂತ್ ಕಾಣಿ. ಮಳಿ ಬಂದ್ ಕೂಡ್ಲೆ ಒಬ್ಬೊಬ್ರ್ ಒಂದೊಂದ್ ತಲಿ ಮೇಲ್ ಇಟ್ಕಂಡ್ ಕೂಕಂಬ ಅಂದೇಳಿ ಇದ್ದೊ."

ಸುತ್ತ ಇದ್ದವರು ನಕ್ಕರು. ನಾನೂ ನಗಲು ನೋಡಿದೆ.

ಅಕ್ಕ ತನ್ನ ಮಾಡು ಇಲ್ಲದ ಮನೆಯೊಳಗೆ ಗುಡಿಸುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು. "ಅಮ್ಮ, ನೀವ್ ಎಂತಕ್ಕ್ ಇಲ್ಲಿಗ್ ಬಪ್ಪುಕ್ ಹೋದ್ರಿ? ಅಂಗ್ಳ ಹಾಂಗೇ ಇತ್ತಲ್ದಾ? ಬೆಳಿಗ್ಗೆ ಹೊರ್ಡುಕೂ ಇವ್ರ್ ಬಪ್ಪುಕೂ ಸಮ ಆಯ್ತ್," ಎಂದಳು. ತನ್ನ ಮಾಡು ಹೋದದ್ದಕ್ಕಲ್ಲ, ನನ್ನ ಅಂಗಳ ಉಳಿದದ್ದಕ್ಕೆ ಅವಳ ಮುಖ ಸಣ್ಣದಾಗಿತ್ತು.

ಮಗಳು ಗೋಡೆಯ ನೆರಳಿಗೆ ಒರಗಿ ಕೂತಿದ್ದಳು. ಅಂದು ಬಾವಿಗೆ ಹೋಗಿದ್ದ ದೊಡ್ಡ ಹುಡುಗಿ ಇವಳೇ. ನಮ್ಮವರ ಕಾರ್ಖಾನೆಯಲ್ಲೇ ಹಸಿ ಹಂಚುಗಳನ್ನು ಎತ್ತಿ ಹಲಗೆಯ ಮೇಲೆ ಒಣಗಲು ಜೋಡಿಸುವ ಕೆಲಸ ಅವಳದು. ಬಸುರಿ, ಎಂಟು ತಿಂಗಳು ತುಂಬಿತ್ತು. ಗಂಡ ಮುಂಬಯಿಯ ಹೋಟೆಲಿನಲ್ಲಿದ್ದ.

"ಹಂಚ್ ಹಾಕ್ಸುಕ್ ಆತಿಲ್ಯಾ ಅಕ್ಕ?" ಎಂದೆ, ಉತ್ತರ ಗೊತ್ತಿದ್ದೂ.

ಅಕ್ಕ ಅಂಗೈಯಿಂದ ಗೋಡೆಯನ್ನು ಮೆಲ್ಲಗೆ ಒತ್ತಿದಳು. ಮಣ್ಣು ಪುಡಿಪುಡಿಯಾಗಿ ಉದುರಿತು. "ಇದ್ ಹುಲ್ಲ್ ಹೊರು ಗ್ವಾಡಿ ಅಮ್ಮ. ಹಂಚಿನ್ ಭಾರ ತಾಂಗುದಿಲ್ಲೆ. ಪಕ್ಕಾಸಿಗ್ ಮರ ಎಲ್ಲಿತ್ತ್? ಹೋದ್ವಾರ ತೆಂಗಿನ್ ಮಡ್ಲ್ ಹೆಣ್ದ್ ಇಟ್ಕಂಡಿದ್ದೆ, ಈ ವಾರ ಹೊದ್ಸುವ ಅಂದೇಳಿ. ಅದ್ನೂ ತಕಂಡ್ ಹೋದ್ರ್."

ಮಗಳು ತಲೆ ಎತ್ತದೆ ಹೇಳಿದಳು, "ಮಳಿ ಬಪ್ಪುಕ್ ಹತ್ತ್ ದಿನ ಇಲ್ಲೆ. ನಾನ್ ಎಲ್ಲ್ ಹೆರುದ್, ಕೇಣಿ ಅವ್ರ ಹತ್ರ."

ಆಗ ಆ ಮುದುಕರು ಸೊಂಟದಿಂದ ಒಂದು ಕಾಗದ ತೆಗೆದರು. ಸಂಘ ಅಚ್ಚು ಹಾಕಿಸಿ ಹಂಚಿದ ಕರಪತ್ರ. ಬೆಳಿಗ್ಗೆ ಎಲ್ಲರಿಗೂ ಓದಿ ಹೇಳಿದ್ದರಂತೆ. ನನಗಾಗಿ ಮತ್ತೊಮ್ಮೆ ಓದತೊಡಗಿದರು, ಬೆರಳಿಟ್ಟು, ಒಂದೊಂದೇ ಪದವಾಗಿ. "ತೊಟ್ಟಿಲು ಬಿದ್ದ ಸದ್ದು ಕೇಳಿದ ತಾಯಿಯೊಬ್ಬಳು ಈ ತೀರದಲ್ಲಿ ಇನ್ನೂ ಬದುಕಿದ್ದಾಳೆ…"

ಕನ್ನಡದಲ್ಲಿ ಆ ಮಾತನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಕ್ಕನ ಬಾಯಿಂದ ಹೊರಟದ್ದು ನನ್ನ ಇಂಗ್ಲಿಷಿಗೆ ಹೋಗಿ, ಬೆಂಗಳೂರಿಗೆ ಹೋಗಿ, ಯಾರದೋ ಕನ್ನಡಕ್ಕೆ ಬಂದು, ಅವಳ ಮನೆಯ ಬಾಗಿಲಿಗೇ ತಲುಪಿತ್ತು. ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳ ಕಾಲನ್ನು ನೋಡಿದೆ. ಹೆಬ್ಬೆರಳಿಗೆ ಹುಲ್ಲಿನ ಎಸಳೊಂದು ಅಂಟಿಕೊಂಡಿತ್ತು.

ಅಕ್ಕ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ನನ್ನಂಗೇ ಇನ್ನೊಬ್ಳ್ ಇದ್ಲ್ ಅಮ್ಮ. ಅವ್ಳ ತೊಟ್ಲೂ ಬಿದ್ದಿತ್ತಂಬ್ರ್. ಪಾಪ, ಎಲ್ಲಿಯವ್ಳೊ."

ಇದನ್ನು ಬರೆಯುವಾಗಲೂ ನನ್ನ ಕೈ ನಿಲ್ಲುತ್ತದೆ. ಅವಳು ಅದು ತನ್ನದೇ ಎಂದು ಎಣಿಸಲಿಲ್ಲ. ತನ್ನ ಮಾತು ಅಷ್ಟು ದೂರ ಹೋಗಿ ಅಚ್ಚಾಗಬಹುದೆಂದು ಅವಳಿಗೆ ಹೇಗೆ ಹೊಳೆಯಬೇಕು. ಎಲ್ಲೋ ಇರುವ ಇನ್ನೊಬ್ಬ ತಾಯಿಗಾಗಿ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಮಗಳಿಗೆ ಬಂದದ್ದು ಸಿಟ್ಟು. "ಎಲ್ಲಿಯವ್ಳಾರೂ ಆಯ್ಲಿ. ಹೆತ್ತವ್ಳ ಸಂಕ್ಟ ಅಡ್ಡ ಇಟ್ಕಂಡ್ ನಮ್ ಮಾಡ್ ತೆಗುಕ್ ಬರ್ದವ್ರ್ ಯಾರೋ, ಅವ್ರ್ ಸಿಕ್ಕಿರೆ ಅವ್ರ ಮನಿ ನೀರೂ ನಾ ಕುಡುದಿಲ್ಲೆ. ಅವ್ರ ಹೊಸ್ಲ್ ತುಳುದಿಲ್ಲೆ."

"ಸುಮ್ನಿರ್ ಹೆಣೆ. ಹೊಟ್ಟಿಯಗೆ ಮಗು ಇಪ್ಪಾಗ ಹಾಂಗೆಲ್ಲ ಹೇಳುಕಾಗ," ಎಂದಳು ಅಕ್ಕ.

ಹೇಳಬೇಕಿತ್ತು. ಆಗಲೇ, ಅಲ್ಲೇ. ಅದರ ಬದಲು ನಾನು ಹೇಳಿದ್ದು, "ಅಕ್ಕ, ನಮ್ಮನಿ ಕಟ್ಗಿ ಕೊಟ್ಗಿ ಖಾಲಿ ಮಾಡ್ಸ್ತೆ. ಹೆರ್ಗಿ ಆಪನ್ನಾರ ಅಲ್ಲೇ ಇರಿ ಇಬ್ರೂ," ಎಂದು.

ಅಕ್ಕ ಕೈಯಲ್ಲಿದ್ದ ಹಿಡಿಸೂಡಿಯನ್ನು ತಲೆ ಮೇಲಾಗಿ ಗೋಡೆಗೆ ಒರಗಿಸಿದಳು. ಆಮೇಲೆ ಕೇಳಿದಳು, "ನಿಮ್ ಕಟ್ಗಿ ಕೊಟ್ಗಿದೂ ಹುಲ್ಲಿನ್ ಮಾಡೇ ಅಲ್ದಾ ಅಮ್ಮ? ಅದ್ನ್ ತೆಗಿತಿಲ್ಯಾ ಇವ್ರ್?"

ಅವಳಲ್ಲಿ ಚುಚ್ಚುವ ಗುಣವೇ ಇರಲಿಲ್ಲ. ತಿಳಿಯಲೆಂದೇ ಕೇಳಿದ್ದಳು. "ಅದ್ ರಸ್ತಿಗ್ ಕಾಂತಿಲ್ಲೆ ಅಕ್ಕ," ಎಂದು ನನ್ನ ಬಾಯಿಂದ ಬಂತು. ಬಂದ ಮೇಲೆ ನಾನು ಹೇಳಿದ್ದು ಏನೆಂದು ನನಗೇ ಕೇಳಿಸಿತು. ಹಂಚಿನ ಸಂಘದ ಕಾರ್ಯದರ್ಶಿಯ ಮನೆಯ ಹಿಂದೆ ಹುಲ್ಲಿನ ಮಾಡು. ಪ್ರತಿ ವರ್ಷ ಅದನ್ನು ಹೊದೆಸುತ್ತಿದ್ದವಳು ಅಕ್ಕನೇ.

ಮಧ್ಯಾಹ್ನ ಇವರು ಊಟಕ್ಕೆ ಬಂದರು. ಬಡಿಸುತ್ತ ಕೇಳಿದೆ, ಮರ ಕೊಡಿಸಬೇಕೆಂದು ಮೂರನೇ ಪುಟದಲ್ಲಿ ಬರೆದಿದ್ದೆನಲ್ಲ, ಅದು ಏನಾಯಿತು ಎಂದು.

"ಅದಾ? ಅಧ್ಯಕ್ಷರ್ ಕೆಂಪ್ ಪೆನ್ಸಿಲ್ ಹಾಕಿ ಹೊಡ್ದ್ರಲ್ಲ. ಮರದ್ ಮಾತ್ ನಮ್ಗ್ ಬೇಡ ಅಂದ್ರ್. ಗೂಡಿಗ್ ಸೌದಿ ಸಾಲುದಿಲ್ಲೆ ಅಂದೇಳಿ ನಾವೇ ಫಾರೆಸ್ಟಿನವ್ರ್ ಬಾಗ್ಲಿಗ್ ಹೋತಾ ಇಪ್ಪಾಗ, ಬಡವ್ರಿಗ್ ಮರ ಕೊಡಿ ಅಂದ್ರೆ ನಮ್ಗ್ ಸಿಕ್ಕುದ್ ಕಮ್ಮಿ ಆತ್ತಲ್ದಾ?" ಅನ್ನಕ್ಕೆ ಸಾರು ಕಲಸುತ್ತ ಹೇಳಿದರು. ಮತ್ತೆ ಸಂತೋಷದಿಂದ, "ಆದ್ರೆ ನಿನ್ನ ತೊಟ್ಲಿನ್ ಮಾತ್ ಒಂದಕ್ಷರ ಮುಟ್ಲಿಲ್ಲೆ ಕಾಣ್. ಓದ್ದವ್ರ್ ಕನ್ನಡ್ಕ ತೆಗ್ದ್ ಕಣ್ಣೊರ್ಸ್ಕಂಡ್ರಂಬ್ರ್. ಅಧ್ಯಕ್ಷರ್ ಹೇಳ್ರ್, ಜೀಪಿಂದ ಆಗ್ದಿದ್ ಕೆಲ್ಸ ಆ ಒಂದ್ ಮಾತಿಂದ ಆಯ್ತ್ ಅಂದೇಳಿ."

ಒಳಗಿನ ಕೋಣೆಯಲ್ಲಿ ನಿಂತು ಕೇಳಬೇಕೆಂದು ಎಷ್ಟೋ ಸಲ ಆಸೆಪಟ್ಟ ಮಾತು ಅದು. ಸೌಟನ್ನು ಸಾರಿನ ಪಾತ್ರೆಯೊಳಗೆ ಇಟ್ಟೆ.

"ಅದ್ ಯಾರ್ ಮಾತ್ ಗೊತ್ತಿತ್ತಾ ನಿಮ್ಗೆ?" ಎಂದೆ.

"ಯಾರ್ದ್? ನೀನೇ ಕಟ್ಟಿ ಬರ್ದದ್ದಲ್ದಾ?"

ಹೇಳಿದೆ. ಇವರು ತುತ್ತನ್ನು ಎಲೆಗೆ ಇಳಿಸಿದರು. ಕೆಟ್ಟ ಮನುಷ್ಯರಲ್ಲ ಇವರು. ಕಾರ್ಖಾನೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಎರಡು ದಿನ ಊಟ ಸೇರುತ್ತಿರಲಿಲ್ಲ. "ಅವ್ಳಿಗ್ ಗೊತ್ತಿತ್ತಾ?" ಎಂದರು.

"ಇಲ್ಲೆ."

"ಹಾಂಗಾರೆ ಈಗ ಹೇಳುಕ್ ಹೋಗ್ಬೇಡ. ಹೆರ್ಗಿ ಒಂದ್ ಸಸೂತ್ರ ಆಯ್ಲಿ. ಕೊಟ್ಗಿಯಗೆ ಇರ್ಲಿ ಅವ್ರ್, ಎಷ್ಟ್ ದಿನ ಬೇಕಾರೂ."

ನಾನೂ ಹಾಗೇ ಎಣಿಸಿದೆ. ಹೇಳುವುದು ಇದ್ದೇ ಇದೆ. ಮೊದಲು ಆ ಹುಡುಗಿಯ ತಲೆಯ ಮೇಲೆ ಒಂದು ಮಾಡು. ಅವಳ ಬಾಯಿಂದ ಬಂದ ಮಾತು ನನ್ನ ಕಿವಿಯಲ್ಲೇ ಇತ್ತು. ಬರೆದವರ ಹೊಸ್ತಿಲು ತುಳಿಯುವು‌ದಿಲ್ಲ ಎಂದಿದ್ದಳು, ಅವಳು ಅಂದರೆ ಅಂದದ್ದೇ ಎಂಬುದು ಅವಳ ಮುಖದಲ್ಲಿತ್ತು. ನಮ್ಮಲ್ಲಿಗೆ ಬರದಿದ್ದರೆ ಅವಳು ಹೆರುವುದು ಆ ನಾಲ್ಕು ಗೋಡೆಯ ನಡುವೆ, ಮಳೆಯಲ್ಲಿ.

ಸಂಜೆ ಬಂದರು. ಅಕ್ಕನ ತಲೆಯ ಮೇಲೆ ಪಾತ್ರೆಗಳ ಬುಟ್ಟಿ, ಕಂಕುಳಲ್ಲಿ ಚಾಪೆ. ಮಗಳು ಸೊಂಟಕ್ಕೆ ಕೈಕೊಟ್ಟು ಹಿಂದೆ. ಕಟ್ಟಿಗೆಯನ್ನೆಲ್ಲ ಒಂದು ಬದಿಗೆ ಒಟ್ಟಿಸಿ ನೆಲ ಸಾರಿಸಿಟ್ಟಿದ್ದೆ. ಮಗಳು ಮಾಡಿನ ಕಡೆ ನೋಡಿದಳು. ಹೋದ ವರ್ಷ ತನ್ನ ತಾಯಿ ಹೊದೆಸಿದ ಹುಲ್ಲು, ಗಟ್ಟಿಯಾಗಿಯೇ ಇತ್ತು. ಮೊದಲ ಸಲ ಅವಳ ಮುಖ ಸಡಿಲವಾಯಿತು. ನಾನು ಕೊಟ್ಟ ಮಜ್ಜಿಗೆ ನೀರನ್ನು ಒಂದೇ ಉಸಿರಿಗೆ ಕುಡಿದು ಲೋಟ ತೊಳೆದಿಟ್ಟಳು. ಗೋಡೆಗೆ ಒರಗಿ ಕಾಲು ಚಾಚಿ ಕಣ್ಣು ಮುಚ್ಚಿದಳು. ಪಾದ ಎರಡೂ ಬಾತುಕೊಂಡಿದ್ದವು.

ಅಕ್ಕ ಕೂರಲಿಲ್ಲ. ಬಚ್ಚಲ ಮೂಲೆಯಿಂದ ಹಿಡಿಸೂಡಿ ಎತ್ತಿಕೊಂಡಳು. "ಬೇಡ ಅಕ್ಕ, ನಾಳೆ ಆಯ್ತ್," ಎಂದರೂ ಕೇಳಲಿಲ್ಲ. ಬೆಳಿಗ್ಗೆ ಉಳಿದ ಅಂಗಳವನ್ನು ಗುಡಿಸತೊಡಗಿದಳು. ಆ ಸದ್ದು ಶುರುವಾದದ್ದೇ ನಾನು ಅಭ್ಯಾಸಬಲದಿಂದ ಒಳಗೆ ಹೋಗಿ ಹಾಲಿಟ್ಟೆ. ಹೊರಗೆ ಸಣ್ಣಗೆ ಗಾಳಿ ಎದ್ದಿತ್ತು. ಕಡಲಿನ ಕಡೆಯಿಂದ ಮಣ್ಣಿನ ವಾಸನೆ ಬರುತ್ತಿತ್ತು.

ಪಕ್ಕದ ಮನೆಯಾಕೆ ಬೇಲಿಯ ಸಂದಿನಿಂದ ದಾಟಿ ಬಂದರು, ಕೈಯಲ್ಲಿ ಸಣ್ಣ ಗಿಂಡಿ. ಮೊಸರಿಗೆ ಹೆಪ್ಪು ಬೇಕಿತ್ತು. ನಾನು ಹೆಪ್ಪು ಹಾಕಿ ತಂದು ಮೆಟ್ಟಿಲ ಮೇಲೆ ನಿಂತು ಕೊಟ್ಟೆ. ಅವರು ಹೋಗುವ ಅವಸರದಲ್ಲಿರಲಿಲ್ಲ. ಸೆಕೆಯ ಮಾತಾಡಿದರು, ಮಗನ ಪರೀಕ್ಷೆಯ ಮಾತಾಡಿದರು. ಕೊಟ್ಟಿಗೆಯ ಬಾಗಿಲಲ್ಲಿ ಒಣಗಲು ಹಾಕಿದ, ನಮ್ಮದಲ್ಲದ ಸೀರೆಯನ್ನು ಕಂಡು ಯಾರು ಬಂದದ್ದು ಎಂದು ಕೇಳಿದರು. ಅಕ್ಕ ಮತ್ತು ಮಗಳು ಎಂದೆ. ಒಳ್ಳೆಯದಾಯಿತು ಎಂದರು. ಹಿಡಿಸೂಡಿಯ ಸದ್ದು ಬಾವಿಯ ಕಡೆಯಿಂದ ತಿರುಗಿ, ತುಳಸಿಕಟ್ಟೆ ದಾಟಿ, ನಾವು ನಿಂತಿದ್ದ ಮೆಟ್ಟಿಲ ಹತ್ತಿರ ಬಂದಿತ್ತು. ಪಕ್ಕದ ಮನೆಯಾಕೆ ಗುಡಿಸಲು ಜಾಗ ಬಿಟ್ಟು ಒಂದು ಹೆಜ್ಜೆ ಸರಿದು ನಿಂತರು. ಗಿಂಡಿಯ ಬಾಯಿಗೆ ಸೆರಗು ಮುಚ್ಚುತ್ತ, ಏನೋ ನೆನಪಾದವರಂತೆ ಹೇಳಿದರು:

"ಅಂದ ಹಾಂಗೆ, ಹುಲ್ಲಿನ್ ಮಾಡಿನ್ ಅರ್ಜಿ ನೀವೇ ಬರ್ದದ್ದಂಬ್ರಲ್ಲೆ? ಆ ತೊಟ್ಲ್ ಬಿದ್ದ್ ಕತಿ ಓದಿ ಹೇಳುವತಿಗೆ ನಮ್ ಅತ್ತೆ ಕೂಡ ಅತ್ರ್ ಕಾಣಿ."